ಭಾವ ಘಾಟಿ ಇಳಿದದ್ದು

ನಮ್ಮ ನೆಂಟರಿಷ್ಟರಲ್ಲಿ ಯಾರೂ ಭಾವನನ್ನು ಕೇಳದೆ ಸಮುದ್ರದ ಕಡೆಗೆ ಕಾರು ತಿರುಗಿಸುವುದಿಲ್ಲ. ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ. ಕಾರ್ಖಾನೆಯ ಸಾಗಣೆ ವಿಭಾಗದಲ್ಲಿ ಕೂತು, ಯಾವ ಲಾರಿ ಯಾವ ದಾರಿ ಹಿಡಿದು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಬರೆದುಕೊಟ್ಟೇ ನಿವೃತ್ತರಾದವರು. ಲಾರಿಗಳು ನಿಂತುಹೋದರೂ ಅವರ ಕೈ ನಿಲ್ಲಲಿಲ್ಲ. ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಊರವರ ಪ್ರವಾಸಗಳನ್ನು ಬರೆಯತೊಡಗಿದರು.

ಆ ಪುಸ್ತಕದಲ್ಲಿ ಏನಿಲ್ಲ ಹೇಳಿ! ಯಾವ ರಸ್ತೆಯಲ್ಲಿ ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಯಾವ ಹೋಟೆಲಿನಲ್ಲಿ ಒಂಬತ್ತಕ್ಕೆಲ್ಲ ನೀರುದೋಸೆ ಖಾಲಿಯಾಗುತ್ತದೆ, ಕಾಡಿಗೆ ಮುಂಚೆ ಕೊನೆಯ ಪೆಟ್ರೋಲ್ ಬಂಕ್ ಎಲ್ಲಿ, ಕಾಡುಕೋಣ ರಸ್ತೆ ದಾಟುವ ಜಾಗ ಯಾವುದು, ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಿಬರಬಹುದಾದ ಶೌಚಾಲಯ ಎಲ್ಲಿದೆ. ಈ ಕೊನೆಯದಕ್ಕಾಗಿಯೇ ನಮ್ಮ ಮನೆಯ ಹೆಂಗಸರೆಲ್ಲ ಭಾವನಿಗೆ ಕೈ ಮುಗಿಯುತ್ತೇವೆ. ಹಳೆಯ ಲಾರಿ ಚಾಲಕರಿಗೆಲ್ಲ ಫೋನ್ ಹಚ್ಚಿ, ಒಬ್ಬರ ಹತ್ತಿರ ತಮಿಳು, ಇನ್ನೊಬ್ಬರ ಹತ್ತಿರ ತೆಲುಗು ಮಾತಾಡಿ, "ಆ ಸೇತುವೆ ಆದ್ಮೇಲೆ ರಸ್ತೆ ಹೆಂಗಿದೆ ಮಾರಾಯ?" ಎಂದು ವಿಚಾರಿಸಿಯೇ ಬರೆಯುತ್ತಿದ್ದರು. ಇಂಥ ತಾಳ್ಮೆ ನನಗೆ ಏಳು ಜನ್ಮಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಬರೆದ ಭಾವ ಸಮುದ್ರವನ್ನು ನೋಡಿರಲೇ ಇಲ್ಲ. ಘಾಟಿಯ ತಿರುವು ಅವರಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಕ್ಕನನ್ನು ಕರೆದುಕೊಂಡು ಆಗುಂಬೆ ಘಾಟಿಯ ಬಸ್ಸು ಹತ್ತಿದ್ದರಂತೆ. ಮೊದಲ ತಿರುವಿಗೆ ಮುಖ ಬಿಳಿಚಿತು, ಎರಡನೆಯದಕ್ಕೆ ವಾಂತಿ, ಮೂರನೆಯದಕ್ಕೆ ಎಚ್ಚರವೇ ತಪ್ಪಿತು. ಬಸ್ಸು ನಿಲ್ಲಿಸಿ, ಅವರನ್ನು ಕೆಳಗಿಳಿಸಿ, ಹೊಸ ಸೀರೆಯ ಸೆರಗಿನಲ್ಲಿ ಗಾಳಿ ಹಾಕುತ್ತಾ ಅಕ್ಕ ರಸ್ತೆಯ ಪಕ್ಕದಲ್ಲಿ ಕೂತಿದ್ದಳಂತೆ. ಆಮೇಲೆ ನಿಂಬೆಹಣ್ಣು ಮೂಸಿದರು, ಶುಂಠಿ ಅಗಿದರು, ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂತರು. ವರ್ಷಗಳ ಮೇಲೆ ಹುಲಿಕಲ್ ಘಾಟಿಯಲ್ಲಿ ಇನ್ನೊಂದು ಸಲ ನೋಡಿದರು. ಅದೇ ಕಥೆ. ಮಾತ್ರೆ ನುಂಗಿಸಿ ಮಲಗಿಸಿಕೊಂಡು ಹೋಗೋಣ ಎಂದು ನಾನು ಹೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು. "ದಾರಿ ನೋಡ್ದೆ ಹೋಗೋದು ಒಂದು ಹೋಗೋದಾ?" ಎಂದರು.

ಅಕ್ಕನೂ ನೋಡಿರಲಿಲ್ಲ. ಅವಳ ಹಟ ಅದು. "ನೋಡಿದ್ರೆ ಇಬ್ರೂ ಒಟ್ಟಿಗೇ ನೋಡೋದು" ಎಂದು ಆ ರಸ್ತೆಯ ಪಕ್ಕದಲ್ಲೇ ತೀರ್ಮಾನ ಮಾಡಿದ್ದಳು. ರೈಲಿನಲ್ಲಾದರೂ ಹೋಗಿ ಬನ್ನಿ ಎಂದರೆ ಕೇಳುತ್ತಿರಲಿಲ್ಲ. "ಇವ್ರು ಊರಿಗೆಲ್ಲ ಬರೆದುಕೊಟ್ಟ ದಾರೀಲೇ ಹೋಗ್ಬೇಕು ಕಣೆ ನಂಗೆ, ರೈಲು ಯಾರಿಗೆ ಬೇಕು?" ಎನ್ನುತ್ತಿದ್ದಳು. ನಾವೆಲ್ಲ ಹೊರಡುವಾಗ ಚಿತ್ರಾನ್ನ ಕಟ್ಟಿಕೊಟ್ಟು, ಗೇಟಿನ ತನಕ ಬಂದು, ನಗುತ್ತಲೇ ಕೈ ಬೀಸುತ್ತಿದ್ದಳು. ಎಷ್ಟು ಸಲ ಹಾಗೆ ಬೀಸಿದ್ದಾಳೋ ದೇವರೇ ಬಲ್ಲ.

ನಾನು ಶಿವಮೊಗ್ಗದ ಶಾಲೆಯೊಂದರಲ್ಲಿ ಲೆಕ್ಕದ ಟೀಚರ್. ಮನೆ ಆಲ್ಕೊಳದಲ್ಲಿ. ಕಾರು ಓಡಿಸುವುದರಲ್ಲಿ ನನ್ನ ಸಮ ಯಾರೂ ಇಲ್ಲ ಅನ್ನುವ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ. ಒಮ್ಮೆ ಭಾವ ಬರೆದುಕೊಟ್ಟ ಹಾಳೆಯಲ್ಲಿ "ಮಂಗಳವಾರ, ಶುಕ್ರವಾರ, ಅಮಾವಾಸ್ಯೆ: ಲಾಂಚಿನ ದಾರಿ ಬೇಡ" ಎಂದಿತ್ತು. ಹಿನ್ನೀರಿನ ಮೇಲೆ ಇನ್ನೂ ಸೇತುವೆ ಆಗಿರದ ಕಾಲ. ಕಾರು, ಬಸ್ಸುಗಳನ್ನೆಲ್ಲ ಲಾಂಚಿನ ಮೇಲೆ ಹತ್ತಿಸಿ ಆಚೆ ದಡಕ್ಕೆ ದಾಟಿಸುತ್ತಿದ್ದರು. "ಪಂಚಾಂಗ ನೋಡ್ಕೊಂಡು ಟ್ರಿಪ್ ಹೋಗೋದಾ ಭಾವ? ಫೋನಲ್ಲಿ ಮ್ಯಾಪಿದೆ ನನ್ನ ಹತ್ರ" ಎಂದು ನಕ್ಕು, ಅಮಾವಾಸ್ಯೆಯ ದಿನವೇ ಹೊರಟೆ. ದಡದಲ್ಲಿ ನೋಡಿದರೆ, ಅಬ್ಬಬ್ಬಾ, ಆಚೆ ದಡದ ದೇವಿಗೆ ಹರಕೆ ಹೊತ್ತವರ ವಾಹನಗಳು ಕಣ್ಣು ಹಾಯುವಷ್ಟು ದೂರಕ್ಕೆ! ಸುಡು ಬಿಸಿಲಿನಲ್ಲಿ ಮೂರು ಗಂಟೆ ಕೂತೆ. ಮ್ಯಾಪು ಮಾತ್ರ ನೀರಿನ ಮೇಲೆ ನೀಲಿ ಗೆರೆ ಎಳೆದು, ನೇರ ಹೋಗು ಎನ್ನುತ್ತಿತ್ತು. ಅವತ್ತಿನಿಂದ ಭಾವನ ಪುಸ್ತಕದ ಬಗ್ಗೆ ನಾನು ತುಟಿ ಬಿಚ್ಚಿಲ್ಲ.

ಆದರೆ ಭಾವನ ವಾಂತಿಯ ಬಗ್ಗೆ ತುಟಿ ಬಿಚ್ಚುವುದನ್ನು ಬಿಟ್ಟಿರಲಿಲ್ಲ. "ಎರಡನೇ ತಿರುವು" ಎಂದು ಅವರಿಗೆ ಹೆಸರಿಟ್ಟವಳೇ ನಾನು. ಮದುವೆ ಮನೆಗಳಲ್ಲಿ ಆ ಹೆಸರಿಗೆ ಎಲ್ಲರೂ ನಗುತ್ತಿದ್ದರು. ಭಾವನೂ ನಗುತ್ತಿದ್ದರು.

ಕಳೆದ ಮಳೆಗಾಲದ ಕೊನೆಯಲ್ಲಿ ಅಕ್ಕನ ಎರಡೂ ಮಂಡಿಗಳು ಕೈಕೊಟ್ಟವು. ಆಪರೇಷನ್ ಆಗಲೇಬೇಕು, ಆದಮೇಲೆ ಎಷ್ಟೋ ತಿಂಗಳು ದೂರದ ಪ್ರಯಾಣದ ಮಾತೇ ಇಲ್ಲ ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದು ಸೋಫಾದಲ್ಲಿ ಕೂತವಳು, "ಹೋಗ್ಲಿ ಬಿಡು, ಇನ್ನು ನಾವು ಸಮುದ್ರ ನೋಡಿದ ಹಾಗೇ" ಎಂದಳು. ಅಳಲಿಲ್ಲ. ಹಾಲು ಕಾಯಿಸು ಎನ್ನುವಷ್ಟು ಸಲೀಸಾಗಿ ಹೇಳಿದಳು. ಭಾವ ಪುಸ್ತಕದಿಂದ ತಲೆ ಎತ್ತಿದರು.

ಮಾರನೆಯ ಭಾನುವಾರ ಫೋನ್ ಬಂತು. "ಒಂದ್ಸಲ ಬಂದು ಹೋಗು, ನಿನ್ನ ಡ್ರೈವಿಂಗ್ ಬೇಕು." ಹೋದೆ. ಊಟದ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟಿದ್ದರು. ಹೊಸ ಪುಟ. ಮೇಲೆ ಅಕ್ಕನ ಹೆಸರು, ಅದರ ಕೆಳಗೆ ಅವರ ಹೆಸರು. ಭದ್ರಾವತಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಅಲ್ಲಿಂದ ಹದಿನಾಲ್ಕು ತಿರುವುಗಳಿಗೆ ಹದಿನಾಲ್ಕು ಸಾಲು. ಎಲ್ಲಿ ಕೂರಲು ಕಟ್ಟೆ ಇದೆ, ಎಲ್ಲಿ ಕಾರು ನಿಲ್ಲಿಸಲು ಜಾಗ ಇದೆ, ಎಲ್ಲಿ ಮಂಗಗಳ ಕಾಟ, ಎಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ಪದ: ನಡಿಗೆ.

"ಕಾರಲ್ಲಿ ಕೂತ್ರೆ ತಾನೇ ವಾಂತಿ? ನಡೆದ್ರೆ ಏನೂ ಆಗಲ್ಲ. ನೀನು ನಿಮ್ಮಕ್ಕನ್ನ ಕೂರಿಸ್ಕೊಂಡು ಒಂದೊಂದು ತಿರುವಿಗೆ ನಿಲ್ಲಿಸ್ತಾ ಹೋಗು. ನಾನು ನಡ್ಕೊಂಡು ಬರ್ತೀನಿ."

ಎಷ್ಟು ಸುಲಭದ ಲೆಕ್ಕ! "ಇದು ಇಷ್ಟು ವರ್ಷ ಹೊಳೀಲಿಲ್ವಾ ಭಾವ?" ಎಂದೆ.

ಭಾವ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಯಾವತ್ತೋ ಹೊಳೆದಿತ್ತು. ಹೆಂಡ್ತಿ ಕಾರಲ್ಲಿ, ಗಂಡ ಹಿಂದೆ ನಡ್ಕೊಂಡು ಬರೋದು ಅಂದ್ರೆ... ನೀನು ನಗ್ತೀಯ ಅಂತ ಹೇಳ್ಲಿಲ್ಲ."

ಅವರೇನೂ ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆದುಕೊಂಡೆ. ಗೇಟಿನ ಹತ್ತಿರ ಕೈ ಬೀಸುತ್ತಿದ್ದ ಅಕ್ಕ ನೆನಪಾಗಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮುಂದಿನ ಎರಡು ತಿಂಗಳು ಭಾವ ದಿನಾ ಬೆಳಿಗ್ಗೆ ನ್ಯೂಟೌನಿನ ಮೈದಾನ ಸುತ್ತಿದರು. ಅರವತ್ತನಾಲ್ಕರ ವಯಸ್ಸಿನಲ್ಲಿ ಇಳಿಜಾರಿಗೆ ಮೊಣಕಾಲು ತಡೆಯಬೇಕಲ್ಲ. ಆಪರೇಷನ್‌ಗೆ ಮೊದಲು, ಚಳಿಗಾಲದ ಒಂದು ಬುಧವಾರಕ್ಕೆ ಪ್ರಯಾಣ ಗೊತ್ತಾಯಿತು. ವಾರದ ನಡುವೆ ಘಾಟಿಯಲ್ಲಿ ಪ್ರವಾಸಿಗರು ಕಡಿಮೆ ಎನ್ನುವುದು ಅವರ ಲೆಕ್ಕ. ಮುಂದಿನ ಸೀಟು ಭಾವನಿಗೆ, ಹಿಂದೆ ಎಡಗಡೆಯ ಕಿಟಕಿ ಅಕ್ಕನಿಗೆ. "ಕುಂದಾಪುರ ದಾಟಿದ್ಮೇಲೆ ಸಮುದ್ರ ಎಡಕ್ಕೇ ಬರೋದು" ಎಂದರು. ನಲವತ್ತರ ಮೇಲೆ ಹೋಗಬಾರದೆಂದು ನನಗೆ ಅಪ್ಪಣೆ. ಹಿಂದಿನವರೆಲ್ಲ ಹಾರನ್ ಹೊಡೆದು ಹೊಡೆದು ಹೋದರು. ನನ್ನ ಜೀವಮಾನದಲ್ಲೇ ಅಷ್ಟು ನಿಧಾನ ಕಾರು ಓಡಿಸಿದ್ದಿಲ್ಲ.

ಆಗುಂಬೆಯಲ್ಲಿ ಘಾಟಿ ಶುರುವಾಗುವ ಮೊದಲೇ ಭಾವ ಇಳಿದರು. ಕಾರ್ಖಾನೆಯ ಕಾಲದ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡರು, ಬೆಳಕು ಬಿದ್ದರೆ ಹೊಳೆಯುವಂಥದ್ದು. "ಬರ್ತೀನಿ" ಎಂದು ಅಕ್ಕನಿಗೆ ಹೇಳಿ ರಸ್ತೆಯ ಅಂಚು ಹಿಡಿದು ನಡೆದರು. ನಾನು ಮೊದಲ ತಿರುವಿಗೆ ಹೋಗಿ ನಿಲ್ಲಿಸಿದೆ. ಅಕ್ಕ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದಕ್ಕೇ ನೋಡುತ್ತಿದ್ದಳು. ಮಂಜಿನಲ್ಲಿ ಮೊದಲು ಜಾಕೆಟ್ ಕಂಡಿತು, ಆಮೇಲೆ ಭಾವ ಕಂಡರು. ಎರಡನೆಯ ತಿರುವನ್ನು ಅವರು ದಾಟಿದಾಗ ಅಕ್ಕ ಕೂಸಿನ ಹಾಗೆ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಐದನೆಯ ತಿರುವಿನಲ್ಲಿ ಎಷ್ಟು ಕಾದರೂ ಆಸಾಮಿ ಪತ್ತೆಯಿಲ್ಲ. ಕಾರಿನಿಂದಿಳಿದು ಮೇಲಕ್ಕೆ ಓಡಿದೆ. ನೋಡಿದರೆ ಬೆಂಗಳೂರಿನ ಕಾರೊಂದು ನಿಂತಿದೆ. ಜಾಕೆಟ್ ನೋಡಿ ರಸ್ತೆ ಕೆಲಸದವರು ಎಂದುಕೊಂಡು ಅವರು ದಾರಿ ಕೇಳಿದ್ದಾರೆ, ಭಾವ ಅವರಿಗೆ ಕಾರವಾರದ ತನಕ ಪೂರ್ತಿ ಪ್ರವಾಸವನ್ನೇ ಹೇಳುತ್ತಿದ್ದಾರೆ! "ಮಧ್ಯಾಹ್ನ ಒತ್ತಿನೆಣೆ ಗುಡ್ಡದಲ್ಲಿ ನಿಲ್ಸಿ. ಅಲ್ಲಿಂದ ಕೆಳಗೆ ನೋಡಿದ್ರೆ ದಂಡೆ ಎಲ್ಲಿ ತನಕ ಹೋಗುತ್ತೆ ಅಂತ ಗೊತ್ತಾಗಲ್ಲ, ಅಷ್ಟುದ್ದ." ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕಣ್ಣಾರೆ ಕಾಣದ್ದನ್ನು ಹಾಗೆ ಹೇಳಬೇಕಾದರೆ ಎಷ್ಟು ಜನರನ್ನು ಎಷ್ಟು ಆಸೆಯಿಂದ ಕೇಳಿರಬೇಕು! ಬೈಯಲು ಬಂದವಳು ಬೈಯದೆ ಅಲ್ಲೇ ನಿಂತೆ.

ಒಂಬತ್ತನೆಯ ತಿರುವಿನಲ್ಲಿ ಭಾವನ ಮೊಣಕಾಲು ನಡುಗತೊಡಗಿತು. ಕಟ್ಟೆಯ ಮೇಲೆ ಕೂತುಬಿಟ್ಟರು. ಬೆವರು ಜಾಕೆಟ್ಟಿನ ಒಳಗಿಂದ ಇಳಿಯುತ್ತಿತ್ತು.

"ಇನ್ನೈದೇ ತಿರುವು. ಕಾರಲ್ಲಿ ಕೂತ್ಕೊಳ್ಳಿ ಭಾವ, ಏನಾದ್ರೂ ಆಗ್ಲಿ" ಎಂದೆ.

ಅವರು ದನಿ ತಗ್ಗಿಸಿದರು. "ಸುಮ್ನಿರು ಮಾರಾಯ್ತಿ. ನಂಗೇನಾದ್ರೂ ಆದ್ರೆ ಅವಳು ವಾಪಸ್ ತಿರುಗ್ಸು ಅಂತಾಳೆ. ನಿಂಗೊತ್ತಿಲ್ವಾ ಅವಳ ಹಟ?"

ಅಕ್ಕನಿಗೆ ಕೇಳಿಸಿತು. ಕಾರಿನೊಳಗಿಂದಲೇ ಮಜ್ಜಿಗೆಯ ಬಾಟಲಿ ಚಾಚಿದಳು. "ತಿರುಗ್ಸು ಅನ್ನಲ್ಲ ರೀ. ನೀವು ಕೂತ್ರೆ ನಾನೂ ಇಲ್ಲೇ ಕೂತಿರ್ತೀನಿ, ಸಂಜೆ ತನಕ ಬೇಕಾದ್ರೂ" ಎಂದಳು. ಭಾವ ಮಜ್ಜಿಗೆ ಕುಡಿದರು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಎದ್ದರು. ಆಮೇಲಿನ ಐದು ತಿರುವುಗಳನ್ನು ಇಳಿದದ್ದು ಕಾಲಿನಿಂದಲ್ಲ, ಬರಿಯ ಹಟದಿಂದ. ಸೋಮೇಶ್ವರದ ಬಯಲಿಗೆ ಬಂದು ಕಾರು ಹತ್ತಿದಾಗ ಅಕ್ಕ ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಟ್ಟಳು. ಹೆಬ್ರಿ ಬರುವ ತನಕ ತೆಗೆಯಲಿಲ್ಲ.

ಮರವಂತೆ ಮುಟ್ಟುವಾಗ ಹೊತ್ತು ಇನ್ನೂ ಇತ್ತು. ಬಲಕ್ಕೆ ಹೊಳೆ, ಎಡಕ್ಕೆ ಸಮುದ್ರ, ನಡುವೆ ರಸ್ತೆ. ಎಳನೀರು ಮಾರುವವರ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಬೇಡಿ ತಂದು, ಅಲೆ ಬಂದು ಪಾದ ತೋಯಿಸುವ ಜಾಗದಲ್ಲಿ ಹಾಕಿದೆ. ಅಕ್ಕನನ್ನು ಇಬ್ಬರೂ ಹಿಡಿದು ಕೂರಿಸಿದೆವು. ಮೊದಲ ಅಲೆ ಬಂದು ಕಾಲು ತೊಳೆದಾಗ ಅಕ್ಕ "ಅಯ್ಯಯ್ಯೋ" ಎಂದು ಕೂಗಿ, ನಕ್ಕು, ನಗುತ್ತಲೇ ಅತ್ತಳು.

ಭಾವ ಪ್ಯಾಂಟು ಮಡಚಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ, "ಒಂದ್ ಕ್ಷಣಾನೂ ಸದ್ದು ನಿಲ್ಸಲ್ವಲ್ಲ ಇದು! ಇದನ್ನ ಯಾರೂ ಹೇಳೇ ಇರ್ಲಿಲ್ಲ" ಎಂದರು.

ನಾಳೆ ಎಷ್ಟು ಹೊತ್ತಿಗೆ ಹೊರಡಬೇಕೋ ನೋಡೋಣವೆಂದು ಪುಸ್ತಕ ತೆಗೆದುಕೊಂಡೆ. ಮರವಂತೆ ಎಂದು ಬರೆದ ಮೇಲೆ ಒಂದು ಗೆರೆ. ಮುಂದಿನ ಪುಟ ಖಾಲಿ. ಅದರ ಮುಂದಿನದೂ ಖಾಲಿ. ಯಾರದೋ ಮನೆಯ ಪ್ರವಾಸಕ್ಕೆ ವಾಪಸ್ ದಾರಿಯ ಚಹಾದಂಗಡಿಯನ್ನೂ ಬಿಡದೆ ಬರೆಯುವ ಮನುಷ್ಯ!

"ಭಾವ, ವಾಪಸ್ ಎಲ್ಲಿ? ಅದೇ ಘಾಟಿ ಹತ್ಬೇಕಲ್ಲ!"

"ಬರೆದಿಲ್ಲ" ಎಂದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ. "ಇಲ್ಲಿ ತನಕ ಬರ್ತೀನಿ ಅಂತ ನಂಬಿಕೇನೇ ಇರ್ಲಿಲ್ಲ ಮಾರಾಯ್ತಿ. ಹೆಂಗೂ ಅರ್ಧದಲ್ಲೇ ತಿರುಗ್ಬೇಕಾಗುತ್ತೆ, ಆ ದಾರಿ ಗೊತ್ತಿರೋದೇ ಅಲ್ವಾ ಅಂದ್ಕೊಂಡಿದ್ದೆ."

ನಂಬಿಕೆಯಿಲ್ಲದೆಯೇ ಅಷ್ಟು ಬರೆದಿದ್ದರು, ಎರಡು ತಿಂಗಳು ಮೈದಾನ ಸುತ್ತಿದ್ದರು, ಹದಿನಾಲ್ಕು ತಿರುವು ನಡೆದಿದ್ದರು. ಅಕ್ಕ ಕಣ್ಣೊರೆಸಿಕೊಂಡು ಅವರ ಕುರ್ಚಿಯ ಕೈ ಹಿಡಿದು ತನ್ನ ಕಡೆಗೆ ಎಳೆದಳು.

"ಹತ್ತೋದನ್ನ ನಿಧಾನಕ್ಕೆ ಹತ್ತೋಣ ರೀ. ದಿನಕ್ಕೆ ಎರಡೇ ತಿರುವು ಹತ್ತಿ ಬೇಕಾದ್ರೆ. ನಂಗೇನೂ ಅವಸರ ಇಲ್ಲ."

ನಾನು ರಸ್ತೆಯ ಕಡೆಗೆ ಬಂದು, ಶಾಲೆಗೆ ಫೋನ್ ಮಾಡಿ, ಸೋಮವಾರದ ತನಕ ರಜೆ ಬೇಕೆಂದು ಹೇಳಿದೆ.