ಕರೆಯಲು ಬಂದವನ ಲಕ್ಷಣ

ದಾಡಿ ಮಾಡಿಕೊಳ್ಳುವಾಗ ಬೆರಳಿಗೆ ಒಂದು ಗಂಟು ಸಿಕ್ಕಿತು. ದವಡೆಯ ಕೆಳಗೆ, ಎಡಕ್ಕೆ, ನೆನೆಸಿದ ಕಡಲೆಯಷ್ಟು. ಇಂಥದ್ದು ಸಿಕ್ಕರೂ ನೀವು ದಾಡಿ ಪೂರ್ತಿ ಮುಗಿಸಿ ಚಹಾ ಕುಡಿಯುವವರಿರಬಹುದು. ನಾನು ಮಾತ್ರ ಅರ್ಧ ಮುಖದ ನೊರೆಯಲ್ಲೇ ಕೂತು, ನನ್ನ ನಂತರ ಎಂಟನೆಯ ತರಗತಿಗೆ ಗಣಿತ ಯಾರು ಕಲಿಸುತ್ತಾರೆ ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿದ್ದೆ. ಕಾರವಾರದ ಡಾಕ್ಟರು ಗಂಟಿಗೆ ಸೂಜಿ ಚುಚ್ಚಿ, ಒಂದಿಷ್ಟು ಹೀರಿ ಪರೀಕ್ಷೆಗೆ ಕಳಿಸಿ, ನಾಲ್ಕು ದಿನ ಬಿಟ್ಟು ರಿಪೋರ್ಟು ಎಂದರು. ಫೋನಿಗೇ ಹಾಕುತ್ತೇವೆ ಎಂದ ಲ್ಯಾಬಿನವರಿಗೆ ನಾನು ಕೈಮುಗಿದು ಬೇಡವೆಂದೆ. ನನ್ನ ಹಣೆಬರಹ ನನ್ನದೇ ಅಂಗಿಯ ಜೇಬಿನಲ್ಲಿ ಕೂತು ಕುಂಯ್‌ಗುಡುವುದನ್ನು ಸಹಿಸುವ ಗುಂಡಿಗೆ ನನ್ನದಲ್ಲ.

ಆ ನಾಲ್ಕು ದಿನ ಕಳೆಯಲೆಂದು ಅಜ್ಜನ ಪೆಟ್ಟಿಗೆ ತೆಗೆದದ್ದೇ ತಪ್ಪಾಯಿತು. ಸೋದೆಯ ಅರಸರು ಹೋಗಿ ಹೈದರನ ದಂಡು ಬಂದ ಕಾಲದಲ್ಲಿ ಭಾವಿಕೇರಿಯ ನಮ್ಮ ಮನೆಯಲ್ಲೊಬ್ಬ ವೈದ್ಯನಿದ್ದ. ಅವನ ಓಲೆಗರಿಗಳನ್ನು ಅಜ್ಜ, ಗೆದ್ದಲಿಗಿಂತ ಒಂದೇ ಹೆಜ್ಜೆ ಮುಂದಿದ್ದು, ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ. ಅದರಲ್ಲಿ ಮದ್ದಿಗಿಂತ ನಡತೆಯೇ ಹೆಚ್ಚು. ವೈದ್ಯ ಕರೆಯದೆ ಹೋಗಬಾರದು, ರೋಗಿಯ ಮನೆಯ ಹೆಂಗಸರ ಒಡವೆಯ ಮೇಲೆ ಕಣ್ಣು ನಿಲ್ಲಿಸಬಾರದು, ಒಳಗೆ ಕಂಡದ್ದನ್ನು ಹೊರಗೆ ಆಡಬಾರದು. ಇಲ್ಲಿಯವರೆಗೆ ವಂಶದ ಹೆಮ್ಮೆಯಿಂದ ತಲೆದೂಗಿದೆ. ಆಮೇಲೆ ಬಂತು ಕರೆಯಲು ಬಂದವನ ಲಕ್ಷಣ. ರೋಗಿಯನ್ನು ಮುಟ್ಟುವ ಮೊದಲೇ, ಅವನ ಕಡೆಯಿಂದ ಬಂದು ಅಂಗಳದಲ್ಲಿ ನಿಂತವನನ್ನು ನೋಡಿಯೇ ರೋಗಿ ಉಳಿಯುವನೋ ಇಲ್ಲವೋ ಅರಿಯಬೇಕಂತೆ. ಬಂದವನ ಬಟ್ಟೆ ಒದ್ದೆಯಾಗಿದ್ದರೆ, ಕೈಯಲ್ಲಿ ಹಗ್ಗವೋ ಕತ್ತಿಯೋ ಇದ್ದರೆ, ನಡುಮಧ್ಯಾಹ್ನಕ್ಕೆ ಬಂದರೆ, ತೆಂಕಣ ದಿಕ್ಕಿಗೆ ನಿಂತು ಮಾತಾಡಿದರೆ, ರೋಗ ಅಸಾಧ್ಯ, ವೈದ್ಯ ಏಳಬೇಕಿಲ್ಲ.

ಒಳ್ಳೆಯ ಯುಕ್ತಿ, ಅಲ್ಲವೇ? ಸಾಯುವವರ ಮನೆಗೆ ಹೋಗದಿದ್ದರೆ ವೈದ್ಯನ ಕೈಯಲ್ಲಿ ಯಾರೂ ಸಾಯುವುದಿಲ್ಲ. ನಮ್ಮ ಹಿರಿಯನ ಕೈಗುಣದ ಕೀರ್ತಿಯ ಗುಟ್ಟು ಇದೇ ಇರಬೇಕೆಂದು ನಕ್ಕೆ. ನಕ್ಕವನು ಮರುಗಳಿಗೆಗೆ ಬೆವರಿದೆ. ರಿಪೋರ್ಟು ತರಲು ನಾನು ಹೇಳಿದ್ದು ನಮ್ಮ ಮನೆಗೆ ಮೀನು ಕೊಡುವ, ಕಡಲ ದಂಡೆಯ ಹಾರವಾಡದ ಗಣಪತಿಗೆ. ಅವನು ಕಾರವಾರಕ್ಕೆ ಹೋಗುವುದೇ ಬಲೆಗೆ ಹಗ್ಗ ಕೊಳ್ಳಲು.

ಹೆಂಡತಿಯೆದುರು ಅಳಲು ತೋಡಿಕೊಂಡೆ. ಅವಳು ಕಾಯಿ ತುರಿಯುವುದನ್ನೂ ನಿಲ್ಲಿಸಲಿಲ್ಲ. "ಹಾರವಾಡದಿಂದ ಒಣ ಮನುಷ್ಯನ್ನ ಎಲ್ಲಿಂದ ತರೂದು? ಒಣಮೀನು ಬೇಕಾದ್ರೆ ಸಿಗ್ತದೆ."

ಅವಳ ಮಾತು ನಗೆಯಾಚೆಗೂ ಚುಚ್ಚಿತು. ಆ ಕಾಲದಲ್ಲಿ ಹಾರವಾಡದಿಂದ ವೈದ್ಯನನ್ನು ಕರೆಯಲು ಯಾರೇ ಬಂದಿರಲಿ, ದೋಣಿಯಿಂದ ಇಳಿದವರು ಹಾಗೇ ಓಡಿ ಬಂದಿರಬೇಕು, ಒದ್ದೆ ಬಟ್ಟೆಯಲ್ಲಿ, ಕೈಯಲ್ಲಿದ್ದ ಹಗ್ಗವನ್ನೂ ಇಡದೆ. ಅಂದಮೇಲೆ ನಮ್ಮ ಹಿರಿಯ ಊರಿಗೆ ಊರನ್ನೇ ಅಸಾಧ್ಯವೆಂದು ಬಗೆದು ಅಂಗಳದಿಂದಲೇ ಹಿಂದೆ ಕಳಿಸಿದನೇ? ಅವರ ರೋಗ ಅಸಾಧ್ಯವಾಗಿರಲಿಲ್ಲ, ಒದ್ದೆಯಾಗಿತ್ತು, ಅಷ್ಟೆ. ವಂಶದ ಹೆಮ್ಮೆ ಅಲ್ಲಿಂದ ಮುಂದೆ ತುಸು ಕುಂಟತೊಡಗಿತು.

ನಾಲ್ಕನೆಯ ದಿನ ರಜೆ ಹಾಕಿ ಜಗುಲಿಯಲ್ಲಿ ಕೂತೆ. ಸೂರ್ಯ ಸರಿಯಾಗಿ ನೆತ್ತಿಗೆ ಬಂದಾಗ ಗಣಪತಿಯ ಬೈಕು ಕಾಣಿಸಿತು. ಕಾರವಾರ ಬಡಗಣಕ್ಕಿದೆ, ದಿಕ್ಕಾದರೂ ನೆಟ್ಟಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಬೈಕು ಮನೆ ದಾಟಿ ಮುಂದೆ ಹೋಗಿ ತಿರುಗಿತು. ನಮ್ಮ ಅಂಗಳಕ್ಕೆ ಬರುವ ದಣಪೆ ಇರುವುದೇ ತೆಂಕಣಕ್ಕೆ. ಅಲ್ಲಿಂದ ಒಳಗೆ ಬಂದ ಗಣಪತಿ ಸೊಂಟದವರೆಗೆ ಒದ್ದೆ. ಹೆಗಲಲ್ಲಿ ಹೊಸ ಹಗ್ಗದ ಸುರುಳಿ.

"ದಾರಿಮೇಲೆ ನಮ್ಮೋರು ದೋಣಿ ಎಳೀತಿದ್ರು ಮಾಸ್ತರ್ರೆ, ನಾನೂ ಕೈ ಹಾಕ್ದೆ" ಎನ್ನುತ್ತ ಪ್ಲಾಸ್ಟಿಕ್ ಚೀಲದಿಂದ, ತನ್ನ ಮೈಮೇಲಿನದೆಲ್ಲಕ್ಕಿಂತ ಒಣಗಿದ್ದ ಲಕೋಟೆಯೊಂದನ್ನು ತೆಗೆದು ಕೊಟ್ಟ. ನಾನು ಅದನ್ನು ಒಡೆಯದೆ ಹಿಂದೆ ಮುಂದೆ ತಿರುಗಿಸುವುದನ್ನು ಕಂಡು ದನಿ ಇಳಿಸಿದ.

"ಹೆದರ್ಬೇಡಿ. ಒಳ್ಳೇದೇ ಇದೆ."

"ಇಂಗ್ಲಿಷ್ ಓದೂದು ಯಾವಾಗ ಕಲ್ತೆ ಮಾರಾಯ?"

"ಓದೂದೆಂತಕೆ? ಕೊಟ್ಟ ಹುಡ್ಗಿ ತಲೆ ಎತ್ತಿ ನನ್ನ ಮುಖಾನೂ ನೋಡ್ಲಿಲ್ಲ. ಫೋನಲ್ಲಿ ನಗ್ತಾ ನಗ್ತಾ ಇದನ್ನ ಈಚೆ ತಳ್ಳಿದ್ಲು. ನಮ್ಮ ಅಪ್ಪನ ಕಾಗದ ತರೂಕೆ ಹೋದಾಗ ಹಂಗಲ್ಲ ಮಾಸ್ತರ್ರೆ, ಕುರ್ಚಿ ಎಳ್ದು ಕೂತ್ಕೊಳ್ಳಿ ಅಂದಿದ್ರು. ಅಪ್ಪ ಉಳಿಯೂದಿಲ್ಲ ಅಂತ ನಂಗೆ ಅಲ್ಲೇ ಗೊತ್ತಾಯ್ತು. ನಮ್ಮಂಥೋರಿಗೆ ಅವ್ರು ಸುಮ್ನೆ ಕೂತ್ಕೊ ಅನ್ನೂದಿಲ್ಲ."

ಈ ಲಕ್ಷಣ ಓಲೆಗರಿಯಲ್ಲಿರಲಿಲ್ಲ. ಅಲ್ಲಿ ವೈದ್ಯ ಬಂದವನನ್ನು ಓದುತ್ತಿದ್ದ. ಬಂದವನೂ ಅಂಗಳದಲ್ಲಿ ನಿಂತು ತನ್ನನ್ನು ಓದುತ್ತಿದ್ದಾನೆಂಬುದು ನಮ್ಮ ಹಿರಿಯನಿಗೆ ಹೊಳೆದಿರಲಿಕ್ಕಿಲ್ಲ.

ಲಕೋಟೆ ಒಡೆದು ಕೊನೆಯ ಸಾಲಿಗೆ ಹಾರಿದೆ. ಕೆಟ್ಟದ್ದರ ಸುಳಿವೇ ಇಲ್ಲ. ಯಾವುದೋ ಸೋಂಕಿಗೆ ಊದಿಕೊಂಡ ಗ್ರಂಥಿ. ಕಣ್ಣು ತುಂಬಿ ಬಂತು. ಇಂಥ ಸುದ್ದಿ ತಂದವನನ್ನು ಬಿಸಿಲಲ್ಲೇ ನಿಲ್ಲಿಸಿದ್ದೇನಲ್ಲ ಎಂದು ನಾಚಿ, ಎದ್ದು, ನನ್ನ ಕುರ್ಚಿಯನ್ನೇ ಅವನತ್ತ ಎಳೆದು, "ಕೂತ್ಕೊ ಗಣಪತಿ" ಎಂದೆ.

ಗಣಪತಿಯ ಮುಖ ಬಿಳಿಚಿತು.

"ಬೇಡ ಮಾಸ್ತರ್ರೆ" ಎಂದು ಜಗುಲಿಯ ಕಂಬ ಹಿಡಿದುಕೊಂಡ. "ಎಂತದೇ ಇದ್ರೂ ಹೇಳಿ, ನಾ ನಿಂತೇ ಕೇಳ್ತೆ."