ವೆಂಕಟಮ್ಮಕ್ಕನ ಹನ್ನೆರಡು ಚುಕ್ಕಿ

ವೆಂಕಟಮ್ಮಕ್ಕನ ರಂಗೋಲಿಯಲ್ಲಿ ಚುಕ್ಕಿಗಳಷ್ಟೇ ಇರುತ್ತಿದ್ದವು, ಗೆರೆ ಇರುತ್ತಿರಲಿಲ್ಲ. ಸಾಲೂ ಇಲ್ಲ, ಅಂದಾಜೂ ಇಲ್ಲ, ಇಲ್ಲೊಂದು ಅಲ್ಲೊಂದು. ತವರೂರು ಕ್ಯಾಸಂಬಳ್ಳಿಯಲ್ಲಿ ರಂಗೋಲಿ ಹಾಕಿ ಊರವರ ಬಾಯಲ್ಲಿ ಭೇಷ್ ಅನ್ನಿಸಿಕೊಂಡಿದ್ದ ನನಗೆ, ಮದುವೆಯಾಗಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿಗೆ ಬಂದ ಮರುದಿನ ಆ ಅಂಗಳ ನೋಡಿ ನಗು ಬಂತು. ಪಾಪ, ಈ ಹೆಂಗಸಿಗೆ ಕೈ ಬರುವುದಿಲ್ಲ ಅಂದುಕೊಂಡೆ. ಆಗ ನನಗೆ ಹದಿನೆಂಟು, ತಲೆ ತುಂಬ ಜಂಬ.

ಗಣಿ ಕೆಲಸದವರ ನಮ್ಮ ಲೈನಿನಲ್ಲಿ ಹನ್ನೆರಡು ಮನೆ. ಮನೆಯೆಂದರೆ ಬಗ್ಗಿ ಹೋಗಿ ಬಗ್ಗಿ ಬರಬೇಕಾದ ಒಂದೊಂದು ಕೋಣೆ. ಆದರೆ ಲೈನಿನ ಕೊನೆಗೆ ವೆಂಕಟಮ್ಮಕ್ಕನ ಗುಡಿಸಲು, ಅದರ ಮುಂದೆ ಆ ಅಂಗಳ: ಸುತ್ತ ಆಳೆತ್ತರದ ಬಿದಿರಿನ ತಟ್ಟಿ, ಮೂಲೆಯಲ್ಲಿ ಒರಳುಕಲ್ಲು, ಬಾಗಿಲಲ್ಲಿ ಕಾಲು ತೊಳೆಯಲು ನೀರಿನ ತೊಟ್ಟಿ, ಮೇಲೆ ಬರೀ ಆಕಾಶ. ಹೊರಗೆ ಗಾಳಿ ಎದ್ದರೆ ಗಣಿಯ ದಿಬ್ಬಗಳ ಬೂದು ಮಣ್ಣು ಊಟದ ತಟ್ಟೆಗೂ ಬೀಳುತ್ತಿತ್ತು. ಅಕ್ಕನ ಅಂಗಳದಲ್ಲಿ ಮಾತ್ರ ಬಿದ್ದ ಅಕ್ಕಿಕಾಳನ್ನು ಆರಿಸಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಅಕ್ಕನದು ಒಣಕಲು ಮೈ, ಹಣೆಯಲ್ಲಿ ಕಾಸಗಲ ಕುಂಕುಮ. ಒಂಟಿ ಹೆಂಗಸು. ಗಂಡ ಎಲ್ಲಿ ಎಂದು ಕೇಳಲು ನನಗಿನ್ನೂ ಸಲಿಗೆ ಸಾಲದು.

ಆ ಬೆಳಿಗ್ಗೆ ನಾನು ಒಲೆ ಊದುತ್ತಿರುವಾಗಲೇ ನಮ್ಮ ಯಜಮಾನರು ಶಿಫ್ಟಿಗೆ ಹೊರಟುಹೋಗಿದ್ದರು. ಅಕ್ಕ ನಲ್ಲಿಗೆ ಹೋಗಿದ್ದಳು. ಅವಳ ಅಂಗಳಕ್ಕೆ ಹೋಗಿ ಕರಟದಲ್ಲಿದ್ದ ರಂಗೋಲಿ ಪುಡಿ ತೆಗೆದುಕೊಂಡು, ಬಳ್ಳಿ ಎಳೆದು, ಹನ್ನೆರಡು ಚುಕ್ಕಿಗಳನ್ನೂ ಒಂದೇ ಗೆರೆಯಲ್ಲಿ ಸೇರಿಸಿಬಿಟ್ಟೆ. ಒರಳಿನ ಪಕ್ಕ ಇನ್ನೊಂದು ಚುಕ್ಕಿ ಒಂಟಿಯಾಗಿತ್ತು. ಅದು ದೂರವಾಯಿತೆಂದು ಬಿಟ್ಟೆ. ಹೊಗಳಿಸಿಕೊಳ್ಳಲು ಸೊಂಟಕ್ಕೆ ಕೈಯಿಟ್ಟು ನಿಂತೆ.

ಅಕ್ಕ ಬಂದವಳು ಬಿಂದಿಗೆ ಇಳಿಸುವುದನ್ನೂ ಮರೆತಳು.

"ಯಾರಮ್ಮಿ ಗೀಟಾಕಿದ್ದು?"

"ನಾನೇ ಅಕ್ಕಾ. ಚೆನ್ನಾಗೈತಾ?"

ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದಳು. ಲೈನಿನ ಗಂಡಸರು ಗಣಿಗೆ ಇಳಿಯಲು ಹೊರಟಾಗ ಒಬ್ಬೊಬ್ಬರ ಹೆಸರಿಗೂ ಒಂದು ಚುಕ್ಕಿ ಇಡುತ್ತಾಳೆ. ಮೇಲೆ ಬಂದವನು ಮನೆಗೆ ಹೋಗುವ ಮೊದಲು ಇಲ್ಲಿ ಕಾಲು ತೊಳೆದು, ತನ್ನ ಚುಕ್ಕಿಯನ್ನು ತನ್ನ ಹೆಬ್ಬೆರಳಿನಿಂದ ತಾನೇ ಅಳಿಸಬೇಕು. ಬೇರೆಯವರು ಮುಟ್ಟುವಂತಿಲ್ಲ.

"ಕೈ ಚೆಂದಾಗೈತೆ. ಬುದ್ದಿ ಇನ್ನೂ ಕ್ಯಾಸಂಬಳ್ಳೀಲೇ ಐತೆ," ಅಂದಳು.

ಅದಾಗಿ ಗಂಟೆ ಕಳೆದಿರಲಿಲ್ಲ, ನೆಲ ಅದುರಿತು. ಬಿಂದಿಗೆಯ ನೀರು ತುಳುಕಿತು, ತಟ್ಟಿ ಗಡಗಡ ಅಂತು. ಗಣಿಯೊಳಗೆ ಬಂಡೆ ಸಿಡಿದಿತ್ತು. ಲೈನಿನ ಹೆಂಗಸರೆಲ್ಲ ಅಂಗಳಕ್ಕೆ ಓಡಿಬಂದರು, ಗೆರೆ ನೋಡಿದರು, ನನ್ನನ್ನು ನೋಡಿದರು. ನನ್ನಿಂದಲೇ ಹೀಗಾಯಿತೆಂದು ನನಗೂ ಅನ್ನಿಸಿತು. ಅಕ್ಕ ನನ್ನ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

ಮಧ್ಯಾಹ್ನ ಮೊದಲು ಬಂದವನು ಎದುರುಮನೆಯ ಆರೋಗ್ಯಂ. ಕಾಲು ತೊಳೆದು ಬಗ್ಗಿದವನು ಚುಕ್ಕಿ ಹುಡುಕುತ್ತ ತಬ್ಬಿಬ್ಬಾದ.

"ಗೀಟು ಸೇರೋಗೈತೆ ಕಣಪ್ಪ," ಅಂದಳು ಅಕ್ಕ. "ನಿಂದು ಅಳ್ಸುದ್ರೆ ಪಕ್ಕದೋನ್ದೂ ಅಳ್ಸೋಯ್ತದೆ. ಎಲ್ಲಾ ಬರ್ಲಿ. ಕೂತ್ಕೋ."

"ಪರವಾಯಿಲ್ಲೆ ಅಕ್ಕಾ, ಕೂತ್ಕೊತೀನಿ," ಎಂದು ಅವನು ತಟ್ಟಿಗೆ ಒರಗಿ ಕೂತ.

ಒಬ್ಬೊಬ್ಬರೇ ಬಂದರು, ಕೂತರು. ಹೆಂಡತಿ ಮಕ್ಕಳು ಕಣ್ಣೆದುರೇ ಇದ್ದರೂ ಒಬ್ಬನೂ ಮನೆಗೆ ಹೋಗಲಿಲ್ಲ. ಹನ್ನೊಂದು ಜನವಾದರು. ನನ್ನವರೊಬ್ಬರೇ ಬಾಕಿ. ಅಷ್ಟು ಹೊತ್ತೂ ಅಕ್ಕ ರಂಗೋಲಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಕೋಳಿ ಬಂದರೆ ಓಡಿಸುತ್ತಿದ್ದಳು, ಅಷ್ಟೇ. ನಾನು ಅತ್ತರೆ ಸುಮ್ಮನಿರು ಅನ್ನಲಿಲ್ಲ, ದೇವರನ್ನು ಕರೆಯಲಿಲ್ಲ. ಯಾವ ಗುಡಿಯಲ್ಲೂ ನನಗೆ ಅಂಥ ಭಯಭಕ್ತಿ ಹುಟ್ಟಿಲ್ಲ.

ಬೇರೆ ದಿನವಾಗಿದ್ದರೆ ಆ ಹನ್ನೊಂದು ಜನ ಚುಕ್ಕಿ ಅಳಿಸಿ, ಉಂಡು, ಮಲಗಿರುತ್ತಿದ್ದರು. ಅಂದು ಅಲ್ಲೇ ಕೂತು ಕಾಣದ ಒಬ್ಬನನ್ನೇ ನೆನೆಯುತ್ತಿದ್ದರು. ಕೊನೆಗೆ ಆರೋಗ್ಯಂ ಎದ್ದ. "ವಾಂಗಡಾ," ಎಂದು ತಮಿಳಿನಲ್ಲೇ ಎಲ್ಲರನ್ನೂ ಕರೆದ. ಹನ್ನೊಂದೂ ಜನ ಅವನ ಹಿಂದೆ ಮತ್ತೆ ಗಣಿಗೆ ನಡೆದರು.

ಹೊತ್ತು ಮುಳುಗುವ ಮುಂಚೆ ನಮ್ಮ ಯಜಮಾನರನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಕಾಲು ಮುರಿದಿತ್ತು, ಉಸಿರಿತ್ತು. ಬಿದ್ದ ಕಲ್ಲು ಸರಿಸಲು ಅಷ್ಟು ಕೈ ಒಟ್ಟಿಗೆ ಬಂದದ್ದರಿಂದ ಬದುಕಿದೆ ಎಂದು ಅವರು ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಅಂಗಳದಲ್ಲಿ ಅವರ ಕಾಲಿಗೆ ಅಕ್ಕನೇ ನೀರು ಹಾಕಿದಳು. ಹನ್ನೆರಡು ಹೆಬ್ಬೆರಳು ಒಟ್ಟಿಗೆ ನೆಲಕ್ಕಿಳಿದವು. ನಾನು ಹಾಕಿದ ರಂಗೋಲಿ ಅಳಿಸಿಹೋಗುವುದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಒರಳಿನ ಪಕ್ಕದ ಚುಕ್ಕಿ ಮಾತ್ರ ಹಾಗೇ ಇತ್ತು.

"ಅದ್ಯಾರ್ದಕ್ಕಾ?"

"ನಮ್ಮೋರ್ದು ಕಣಮ್ಮಿ. ಹತ್ತು ವರ್ಸ ಆಯ್ತು ಇಳ್ದು. ಇನ್ನೂ ಮೇಲಕ್ಕೆ ಬಂದಿಲ್ಲ."

ದಿನಾ ಬೆಳಿಗ್ಗೆ ಅಕ್ಕ ಮೊದಲು ಇಡುತ್ತಿದ್ದ ಚುಕ್ಕಿ ಅದೇ. ಆ ದೊಡ್ಡ ಕುಂಕುಮ ಯಾಕೆಂದು ನನಗೆ ಆಗ ಅರ್ಥವಾಯಿತು.

ಏಳೆಂಟು ವರ್ಷದ ಮೇಲೆ ಅಕ್ಕನಿಗೆ ಕೆಮ್ಮು ಹತ್ತಿತು. ಬಂಗಾರಪೇಟೆಯ ತಮ್ಮ ಕರೆದುಕೊಂಡು ಹೋಗಲು ಬಂದ. ಹೊರಡುವ ಬೆಳಿಗ್ಗೆ ಎಲ್ಲರ ಚುಕ್ಕಿ ಇಟ್ಟು, ಒರಳಿನ ಹತ್ತಿರ ಗಂಡನ ಚುಕ್ಕಿಯ ಪಕ್ಕ ಇನ್ನೊಂದು ಇಟ್ಟಳು. ಕರಟವನ್ನು ನನ್ನ ಕೈಗೆ ಕೊಟ್ಟಳು.

"ಇದು ನಂದು. ಓಗಿ ಬತ್ತೀನಿ, ಬಂದು ನಾನೇ ಅಳ್ಸ್ತೀನಿ. ಅಷ್ಟ್ರಲ್ಲಿ ನೀನೇನಾರ ಗೀಟಾಕ್ದೆ ಅಂದ್ರೆ ನೋಡು!"

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆ. ದಿನಾ ಅವಳ ಚುಕ್ಕಿಯನ್ನೂ ತಪ್ಪದೆ ಇಟ್ಟೆ. ತಿಂಗಳಾಗುವಷ್ಟರಲ್ಲಿ ಸುದ್ದಿ ಬಂತು.

ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ, ಗಂಡಸರ ಚುಕ್ಕಿಗಳನ್ನೆಲ್ಲ ಇಟ್ಟೆ. ಒರಳಿನ ಪಕ್ಕ ಅಕ್ಕನ ಗಂಡನದೊಂದು, ಅಕ್ಕನದೊಂದು. ಆ ಎರಡರ ನಡುವೆ ಒಂದು ಗೆರೆ ಎಳೆದೆ. ಕರಟ ಕೆಳಗಿಟ್ಟು, ಬೈಸಿಕೊಳ್ಳಲು ಕಾಯುತ್ತ ಕೂತೆ.