ಬಾವಲಿಗಳ ಬೆನ್ನು ಹತ್ತಿ ಆದೋನಿಗೆ

ಆದೋನಿಯಲ್ಲಿ ಬಾಡಿಗೆ ಕೋಣೆ ಸೇರಿದ ಮರುದಿನವೇ ಮನೆಯೊಡತಿ ಶರಣಮ್ಮ ಅಂಗಳದಲ್ಲಿದ್ದ ನನ್ನ ಬೂಟುಗಳ ಮೇಲೆ ಒಂದು ಬಕೆಟ್ ಫಿನಾಯಿಲ್ ನೀರು ಸುರಿದರು.

"ನೀವು ಬಾವಲಿ ಹಿಡಿಯಾಕ ಬಂದೀರಂತ. ಮೊದಲೇ ಹೇಳಬಾರದೇನ್ರಿ?"

ಮೈಸೂರಿನವಳಾದ ನನಗೆ ಮಾತು ಅರ್ಥವಾಯಿತು; ಒದ್ದೆ ಬೂಟುಗಳನ್ನು ಎತ್ತಿ ಬಿಸಿಲಿಗಿಟ್ಟೆ.

ನಾಗಲದಿನ್ನೆ ಎಂಬ ಹಳ್ಳಿಯ ಹೊಳೆದಂಡೆಯ ಮರಗಳಲ್ಲಿ ಬಾವಲಿ ಹಿಡಿದು ಪರೀಕ್ಷಿಸುವುದು ನನ್ನ ಕೆಲಸ. ವೈರಸ್ ಹೊಕ್ಕೊಡನೆ ಬಾವಲಿಯ ಜೀವಕೋಶ ನೆರೆಯ ಕೋಶಗಳಿಗೆ ಎಚ್ಚರಿಕೆ ಕಳಿಸುತ್ತದೆ. ಕೆಲವು ವೈರಸ್‌ಗಳು ಅದನ್ನು ದಾರಿಯಲ್ಲೇ ತಡೆಯುವ ಪ್ರೋಟೀನ್ ತಯಾರಿಸಿ ಒಳಗೇ ಉಳಿದುಬಿಡುತ್ತವೆ. ಅದು ಹೇಗೆಂದು ನಮ್ಮ ತಂಡ ಹುಡುಕುತ್ತಿತ್ತು.

ನಮ್ಮಲ್ಲಿ ಬೆಳಿಗ್ಗೆ ಇಡ್ಲಿ. ಇಲ್ಲಿ ಉಗ್ಗಾಣಿ, ಅಂದರೆ ಮಂಡಕ್ಕಿ ನೆನೆಸಿ ಹಾಕಿದ ಒಗ್ಗರಣೆ. ಸಂತೆಯಲ್ಲಿ ಕನ್ನಡಕ್ಕೆ ತೆಲುಗು ಬೆರೆಸಿ "ತಾಜಾ ಐತಿ, ತೀಸ್ಕೋ ಅಮ್ಮಾ" ಎನ್ನುತ್ತಾರೆ. ತೀಸ್ಕೋ ಎಂದರೆ ತಗೋ ಎಂದು ಬೇಗ ಕಲಿತೆ. ಆದರೆ ಬಾವಲಿಯ ಭಯಕ್ಕೆ ಮಹಡಿಯ ನನ್ನ ಕೋಣೆಗೆ ಯಾರೂ ಕಾಲಿಡುತ್ತಿರಲಿಲ್ಲ.

ಒಮ್ಮೆ ಕೈಗವಸು ಹರಿದು ಬಾವಲಿ ಪರಚಿತು. ತೊಳೆದು ಚುಚ್ಚುಮದ್ದು ಹಾಕಿಸಿಕೊಂಡೆ. ಕೆಲವು ದಿನಗಳಲ್ಲಿ ಮೈ ಸುಡುವ ಜ್ವರ. ವೈರಸ್‌ಗಳ ಬಗ್ಗೆ ಓದಿದ್ದೆಲ್ಲ ಆಗ ನನ್ನನ್ನೇ ಹೆದರಿಸಿತು. ಆಸ್ಪತ್ರೆಯವರು ರಕ್ತ ತೆಗೆದು, ಫಲಿತಾಂಶ ಬರುವವರೆಗೆ ಯಾರನ್ನೂ ಹತ್ತಿರ ಸೇರಿಸಬೇಡಿ ಎಂದರು. ಶರಣಮ್ಮನಿಗೂ ಅದನ್ನೇ ಹೇಳಿ ಬಾಗಿಲು ಹಾಕಿಕೊಂಡೆ.

ಅವರು ಬಾಗಿಲ ಹೊರಗೆ ಗಂಜಿ ಇಟ್ಟು, ಇಳಿದು ಕೆಳಗಿನ ಮೆಟ್ಟಿಲಲ್ಲಿ ಕುಳಿತರು. "ಒಳಗ ಬರಂಗಿಲ್ಲ. ಇಲ್ಲೇ ಕುಂತಿರ್ತೀನಿ. ಏನರ ಮಾತಾಡ್ರಿ, ನೀವು ಸುಮ್ನಾದ್ರ ನನಗ ದಿಗಿಲಾಕ್ಕೈತಿ."

ನನಗೆ ಗೊತ್ತಿದ್ದದ್ದು ಬಾವಲಿಯ ಮಾತೊಂದೇ. ವೈರಸ್ ಅದರೊಳಗೇ ಉಳಿದುಬಿಡುವುದನ್ನು ಹೇಳಿದೆ.

"ಹಂಗಾರ ಬಾವಲಿ ಯಾಕ ಸಾಯಂಗಿಲ್ಲ?"

"ಅದರ ದೇಹ ಗಾಬರಿ ಬೀಳಲ್ಲ ಅಮ್ಮ. ನಮ್ಮ ದೇಹ ರೇಗಿ ತನ್ನನ್ನೇ ಘಾಸಿ ಮಾಡ್ಕೊಳ್ಳುತ್ತೆ."

"ನೀವೂ ಗಾಬರಿ ಬೀಳಬ್ಯಾಡ್ರಿ ಮತ್ತ."

ಫಲಿತಾಂಶ ಬಂತು: ಡೆಂಗಿ. ಅದನ್ನು ಕೇಳಿ ಖುಷಿಯಿಂದ ನಕ್ಕ ರೋಗಿ ಬಹುಶಃ ನಾನೊಬ್ಬಳೇ. ಶರಣಮ್ಮ ದಡದಡನೆ ಮೇಲೆ ಬಂದು ನನ್ನ ಹಣೆ ಮುಟ್ಟಿದರು. "ಸೊಳ್ಳಿ ಕಡದದ್ದಕ್ಕ ಇಷ್ಟ್ ಅಂಜಿಸಿದ್ರಲ್ರೀ!" ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡರು.

ಚೇತರಿಸಿಕೊಳ್ಳಲು ಮೈಸೂರಿಗೆ, ಅಮ್ಮನ ಮನೆಗೆ ಹೋದೆ. ಊಟಕ್ಕೆ ಕುಳಿತಾಗ ಶರಣಮ್ಮನ ಫೋನು ಬಂತು. "ಯಾವಾಗ ಬರ್ತೀರಿ? ನಿಮ್ಮ ಖೋಲಿ ಕಸ ಹೊಡದಿಟ್ಟೀನಿ."

ಯಾರೆಂದು ಅಮ್ಮ ಕೇಳಿದಳು.

"ಮನೆಯಿಂದಮ್ಮ" ಎಂದುಬಿಟ್ಟೆ.

ಅಮ್ಮ ಸಾರಿನ ಸೌಟು ಹಿಡಿದು ನನ್ನನ್ನೇ ನೋಡುತ್ತ ನಿಂತಳು. ತಿದ್ದಿ ಹೇಳೋಣವೆಂದರೆ ಸರಿಯಾದ ಮಾತು ಯಾವುದೆಂದು ನನಗೇ ತಿಳಿಯಲಿಲ್ಲ.